ವಿರಾಜಪೇಟೆ–ಕಣ್ಣೂರು ಕೋಟೆ ಟ್ಯಾಕ್ಸಿ ಪ್ಯಾಕೇಜ್: ಸವಾರಿ ಚೆನ್ನ, ಚರಿತ್ರೆ ತಪ್ಪು

ವಿರಾಜಪೇಟೆಯಿಂದ ಕಣ್ಣೂರಿನ ಸೇಂಟ್ ಏಂಜಲೋ ಕೋಟೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಈ ಪ್ಯಾಕೇಜಿನಲ್ಲಿ ಸವಾರಿಯ ಬಗ್ಗೆ ತಕರಾರಿಲ್ಲ. ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ, ಮಟ್ಟನ್ನೂರು ದಾಟಿ ಸುಮಾರು 90 ಕಿ.ಮೀ. 6ಕ್ಕೆ ಹೊರಟರೆ 9ರ ಹೊತ್ತಿಗೆ ಕೋಟೆ ಬಾಗಿಲು. ಘಾಟಿಯ ತಿರುವುಗಳಲ್ಲಿ ಚಾಲಕರು ಆತುರಪಡುವುದಿಲ್ಲ. ಮಕ್ಕಳಿರುವವರಿಗೆ ಅದೇ ದೊಡ್ಡದು.

ಕೊರತೆ ಇರುವುದು ಜೊತೆಗೆ ಕೊಡುವ ಕರಪತ್ರದಲ್ಲಿ. ‘ವೈಸರಾಯ್ ಆಲ್ಬುಕರ್ಕ್ ಕಟ್ಟಿಸಿದ ಕೋಟೆ’ ಎಂದು ಅಚ್ಚಾಗಿದೆ. ಎರಡೂ ತಪ್ಪು. 1505ರಲ್ಲಿ ಕಟ್ಟಿಸಿದವನು ಭಾರತದಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಆಲ್ಮೇಡ. ಅಫೊನ್ಸೊ ಡಿ ಆಲ್ಬುಕರ್ಕ್ ಆಗಿದ್ದು ಗವರ್ನರ್, ಅದೂ ಇದೇ ಕೋಟೆಯಲ್ಲಿ ಕಾವಲಿನಲ್ಲಿ ಕೂತೆದ್ದ ಮೇಲೆ! 1508ರ ಡಿಸೆಂಬರಿನಲ್ಲಿ ಪೋರ್ಚುಗಲ್ ರಾಜನ ಮೊಹರಿನ ಪತ್ರ ಹಿಡಿದು ಕಣ್ಣೂರಿಗೇ ಬಂದು ಅಧಿಕಾರ ಕೇಳಿದ. ಕೊಂಕಣ ಕರಾವಳಿಯ ಚೌಲ್‌ನ ಕಡಲ ಕದನದಲ್ಲಿ ಸತ್ತ ಮಗನ ಸೇಡು ತೀರದೆ ಆಲ್ಮೇಡ ಹೊರಡಲೊಲ್ಲ. 1509ರ ಫೆಬ್ರವರಿಯಲ್ಲಿ ದೀವ್ ಕದನ ಗೆದ್ದ ಮೇಲೂ ಪಟ್ಟ ಬಿಡದೆ, ಆಲ್ಬುಕರ್ಕ್‌ನನ್ನು ಇಲ್ಲಿ ಕಾವಲಿಗೆ ಹಾಕಿದ. ಮೂರು ತಿಂಗಳ ನಂತರ ಪೋರ್ಚುಗಲ್‌ನಿಂದ ಹಡಗುಗಳೊಡನೆ ಬಂದ ಫೆರ್ನಾಂಡೊ ಕುಟಿನ್ಹೊ ಬಿಡಿಸಿದ. ಮುಂದೆ ಗೋವಾ, ಮಲಕ್ಕಾ, ಹೊರ್ಮುಜ್ ಹಿಡಿದ ಮನುಷ್ಯನ ಕಥೆ ತಿರುಗುವುದು ಇಲ್ಲಿಯೇ. ಇದನ್ನು ಹೇಳದೆ ಜನರನ್ನು ಕೋಟೆಗೆ ಕರೆತರುವುದು ಅನ್ಯಾಯ.

ಇನ್ನೊಂದನ್ನೂ ಸೇರಿಸಬೇಕು: ಈಗ ಎದ್ದು ಕಾಣುವ ಕೆಂಪುಕಲ್ಲಿನ ಬುರುಜುಗಳು 1663ರಲ್ಲಿ ಕೋಟೆ ಕಸಿದುಕೊಂಡ ಡಚ್ಚರವು. ‘ಆಲ್ಬುಕರ್ಕ್ ನಿಂತ ಗೋಡೆ’ ಎಂದು ತೋರಿಸಿದರೆ ನಂಬಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಬುಕ್ ಮಾಡಬೇಡಿ. ಮಾಕುಟ್ಟದಲ್ಲಿ ಗುಡ್ಡ ಜರಿದರೆ ಕುಟ್ಟ, ಮಾನಂದವಾಡಿ ಸುತ್ತಬೇಕು. ಹೆಚ್ಚಿನ ಬಾಡಿಗೆ ಯಾರ ಲೆಕ್ಕಕ್ಕೆ ಎಂದು ಮೊದಲೇ ಮಾತಾಡಿಕೊಳ್ಳಿ. ಇದೇ ಮುಂಗಾರು ಆಲ್ಬುಕರ್ಕ್‌ನನ್ನೂ ಕಟ್ಟಿಹಾಕಿತ್ತು: 1510ರ ಫೆಬ್ರವರಿಯಲ್ಲಿ ಹಿಡಿದ ಗೋವಾವನ್ನು ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೇನೆಗೆ ಬಿಟ್ಟು ಹಡಗು ಹತ್ತಿದವನಿಗೆ, ಮಳೆಗಾಲದ ಕಡಲಬ್ಬರದಲ್ಲಿ ಮಾಂಡೋವಿ ನದಿಯ ಅಳಿವೆ ದಾಟಲಾಗಲಿಲ್ಲ. ಆಗಸ್ಟ್‌ವರೆಗೆ ಹಸಿವು, ದಡದಿಂದ ಗುಂಡು. ಹೊನ್ನಾವರದ ಕಡಲ ನಾಯಕ ತಿಮೋಜನ ನೆರವಿನಿಂದ ನವೆಂಬರ್ 25ಕ್ಕೆ ಮತ್ತೆ ಗೆದ್ದ.

ಪ್ರವಾಸಕ್ಕೂ ನವೆಂಬರ್‌ನಿಂದ ಫೆಬ್ರವರಿಯೇ ಸರಿ. ಬೆಳಿಗ್ಗೆ 11 ಗಂಟೆಯ ನಂತರ ಕೋಟೆಯ ಕಲ್ಲು ಕಾಯುತ್ತದೆ. ಟೋಪಿ, ತಲಾ ಒಂದು ಲೀಟರ್ ನೀರು ಬೇಕು. ಕಾರಿನ ಮಟ್ಟಿಗೆ ಧಾರಾಳವಾಗಿ ಶಿಫಾರಸು ಮಾಡಬಹುದು. ಕರಪತ್ರ ತಿದ್ದಿ ಅಚ್ಚು ಹಾಕಿಸುವವರೆಗೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ.