ಕೊಬ್ಬರಿ ಬಣ್ಣದ ಸುಪ್ರಾ: ಟಮಿಯಾ ಕಿಟ್ ಜೊತೆ ಮೂರು ತಿಂಗಳು

ವಾಚ್ ಕಾರ್ಖಾನೆಗೆ ಸೇರಿದ ಮೊದಲ ವಾರ ನಮ್ಮ ಲೈನಿನ ಸೂಪರ್‌ವೈಸರ್ ಹೇಳಿಕೊಟ್ಟದ್ದು ಒಂದೇ ಪಾಠ: "ಒತ್ತಬೇಡಮ್ಮ. ಸರಿಯಾಗಿದ್ರೆ ತಾನಾಗೇ ಕೂರುತ್ತೆ. ಕೂರಲಿಲ್ಲ ಅಂದ್ರೆ ಎಲ್ಲೋ ತಪ್ಪಾಗಿದೆ, ತೆಗೆದು ನೋಡು." ತುಮಕೂರಿನ ಎಚ್‌ಎಂಟಿಯಲ್ಲಿ ಅಸೆಂಬ್ಲಿ ಬೆಂಚಿನ ಮುಂದೆ 28 ವರ್ಷ ಕೆಲಸ ಮಾಡಿದೆ. 2016ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಚಿಮಟ, ಐಗ್ಲಾಸ್ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ), ಪಿನ್ ವೈಸ್ (ಸಣ್ಣ ತೂತು ಕೊರೆಯುವ ಕೈಸಾಧನ) ಮೂರೂ ಒಂದು ಬಿಸ್ಕತ್ತಿನ ಡಬ್ಬಿ ಸೇರಿ ಬೀರುವಿನ ಮೇಲೆ ಹೋದವು. ಆ ಡಬ್ಬಿಯನ್ನು ಮತ್ತೆ ಕೆಳಗಿಳಿಸಿದ್ದು ಟಮಿಯಾ ಕಂಪನಿಯ ಕಾರಿನ ಕಿಟ್, ಅಂದರೆ ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್. ಟೊಯೊಟಾ ಜಿಆರ್ ಸುಪ್ರಾ, 1/24 ಅಳತೆ. ಕಟ್ಟಿ ಮುಗಿಸಿ ಎರಡು ವಾರವಾಯಿತು. ಕೊಳ್ಳಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ. ಅವನೂ ಅವನ ಸ್ನೇಹಿತರೂ ಸೇರಿ ನಾಲ್ಕು ಜನ ಭಾನುವಾರ ಒಂದೆಡೆ ಸೇರಿ ಮಾಡೆಲ್ ಕಟ್ಟುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು, ಇನ್ನೊಬ್ಬಳು ಎರಡನೇ ಪಿಯುಸಿ ಹುಡುಗಿ. ಈ ಸಲ ತಮ್ಮೊಳಗೇ ಒಂದು ಪಂದ್ಯ ಇಟ್ಟುಕೊಂಡಿದ್ದರು. ಎಲ್ಲರದೂ ಒಂದೇ ಕಿಟ್, 90 ದಿನದ ಗಡುವು. ಬಾಡಿಯ ಬಣ್ಣ ತುಮಕೂರು ಜಿಲ್ಲೆಯ ಯಾವುದಾದರೂ ವಸ್ತುವಿನದ್ದಾಗಿರಬೇಕು. ಕಾರಿನ ಒಂದು ಭಾಗವಾದರೂ ಕಟ್ಟಿದವರ ಕಸುಬಿನ ಸಾಮಾನಿನಿಂದ ಆಗಿರಬೇಕು. ಬಹುಮಾನ ಏನೂ ಇಲ್ಲ, ಕೊನೆಗೆ ಎಲ್ಲರೂ ಸೇರಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. "ಚಿಕ್ಕಮ್ಮ, ಐದನೆಯವರು ನೀವೇ ಆಗಿ. ಆ ಕೈ ಸುಮ್ಮನಿರೋದನ್ನ ನೋಡಕ್ಕಾಗ್ತಿಲ್ಲ" ಅಂದ. ಆ ಮಾತಿಗೆ ಇಲ್ಲ ಅನ್ನಲಾಗಲಿಲ್ಲ.

ಸುಪ್ರಾ ಕಾರನ್ನು ನಾನು ಕಣ್ಣಾರೆ ನೋಡಿಲ್ಲ. ಟೊಯೊಟಾದವರ ಕಾರ್ಖಾನೆ ಬಿಡದಿಯಲ್ಲೇ ಇದ್ದರೂ ಈ ಕಾರನ್ನು ಅವರು ನಮ್ಮ ದೇಶದಲ್ಲಿ ಮಾರಾಟಕ್ಕೆ ಇಡಲಿಲ್ಲ. 2019ರಲ್ಲಿ ಬಂದ ಈ ಸುಪ್ರಾ, ಬಿಎಂಡಬ್ಲ್ಯು ಜೊತೆ ಸೇರಿ ಮಾಡಿದ್ದು. ಇದೂ ಬಿಎಂಡಬ್ಲ್ಯು ಝಡ್4 ಕಾರೂ ಆಸ್ಟ್ರಿಯಾದ ಗ್ರಾಟ್ಜ್ ಊರಿನ ಒಂದೇ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಸುಪ್ರಾ ಎಂಬ ಹೆಸರು ಮೊದಲು ಬಂದದ್ದು 1978ರಲ್ಲಿ, ಸೆಲಿಕಾ ಸುಪ್ರಾ ಎಂದು. ನಮ್ಮ ತುಮಕೂರಿನ ವಾಚ್ ಕಾರ್ಖಾನೆ ಶುರುವಾದದ್ದೂ 1978ರಲ್ಲೇ. ಇದು ಗೊತ್ತಾದ ಮೇಲೆ ಕಿಟ್‌ನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ ಬಂತು.

ಪೆಟ್ಟಿಗೆಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಬಾಡಿ, ಚೌಕಟ್ಟಿಗೆ ಅಂಟಿಕೊಂಡೇ ಬರುವ ಸಣ್ಣಪುಟ್ಟ ಭಾಗಗಳು (ಈ ಚೌಕಟ್ಟಿಗೆ ಹುಡುಗರು ಸ್ಪ್ರೂ ಅನ್ನುತ್ತಾರೆ), ಗಾಜು ಮತ್ತು ದೀಪಕ್ಕೆ ಪಾರದರ್ಶಕ ಭಾಗಗಳು, ರಬ್ಬರ್ ಟೈರು, ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್. ನಿಜವಾದ ಕಾರಿನ ಉದ್ದ 4.38 ಮೀಟರ್. ಅದನ್ನು 24ರಿಂದ ಭಾಗಿಸಿದರೆ 18 ಸೆಂಟಿಮೀಟರ್ ಚಿಲ್ಲರೆ. ಮಣಿಕಟ್ಟಿನಿಂದ ನಡುಬೆರಳ ತುದಿವರೆಗೆ ಬರುತ್ತದೆ. ಬಾಡಿಯ ಮೇಲೆ ಬೆರಳಾಡಿಸಿದರೆ ಎರಡು ಸೀಟಿನ ಮೇಲೂ ಚಾವಣಿ ಒಂದೊಂದು ಸಣ್ಣ ಉಬ್ಬಾಗಿ ಎದ್ದಿರುವುದು ಗೊತ್ತಾಗುತ್ತದೆ. ನಿಜವಾದ ಕಾರಿನಲ್ಲೂ ಹಾಗೇ ಇದೆ. ಬಾನೆಟ್ ತೆರೆಯುವುದಿಲ್ಲ, ಎಂಜಿನ್ ಕಾಣುವುದು ಕೆಳಗಿನಿಂದ ಮಾತ್ರ. ಈ ಕಿಟ್ ಮಾಡಿರುವುದೇ ಹೀಗೆ, ಎಂಜಿನ್ ಕಟ್ಟುವ ಆಸೆಯಿದ್ದವರು ಬೇರೆ ಕಿಟ್ ನೋಡಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದರ ಭಾಗಗಳು ಒಂದಕ್ಕೊಂದು ಕೂರುವ ರೀತಿ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕಿಟ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಚಕ್ರಗಳನ್ನು ಹಿಡಿದಿಡುವ ಸಸ್ಪೆನ್ಷನ್‌ನ ಕೈಗಳನ್ನು ಚಿಮಟದಲ್ಲಿ ಹಿಡಿದು ಜಾಗಕ್ಕೆ ತಂದರೆ ಸಣ್ಣದೊಂದು ಟಿಕ್ ಎಂದು ನಿಲ್ಲುತ್ತವೆ. ಒತ್ತುವ ಕೆಲಸವೇ ಇಲ್ಲ. ಎರಡು ಕಡೆ ಮಾತ್ರ ನಿಲ್ಲಲಿಲ್ಲ. ತೆಗೆದು ಐಗ್ಲಾಸಿನಲ್ಲಿ ನೋಡಿದರೆ, ಸ್ಪ್ರೂನಿಂದ ಕತ್ತರಿಸುವಾಗ ನಾನೇ ಕೂದಲೆಳೆಯಷ್ಟು ಮುಳ್ಳು ಬಿಟ್ಟಿದ್ದೆ. 800 ನಂಬರಿನ ಎಮರಿ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದೆ, ಕೂತಿತು. ಜಪಾನಿನ ಶಿಜುವೊಕಾದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾಡೆಲ್ ಮಾಡಿ, ಆಮೇಲೆ ಪ್ಲಾಸ್ಟಿಕ್ಕಿಗೆ ಬಂದ ಕಂಪನಿ ಇದು. ನಮ್ಮ ಎಚ್‌ಎಂಟಿ ವಾಚಿನ ಕೆಲಸ ಕಲಿತದ್ದೂ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲೇ, 1961ರಲ್ಲಿ. ಕೈ ಹಳೆಯ ಪರಿಚಯದವರನ್ನು ಕಂಡಹಾಗೆ ಆಡಿತು.

ಅಂಟಿನ ವಿಷಯ ಬೇರೆಯಾಗಿಯೇ ಹೇಳಬೇಕು. ಇದಕ್ಕೆ ಟಮಿಯಾದವರದೇ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಅನ್ನುವ ಅಂಟು ಸಿಗುತ್ತದೆ, ಮುಚ್ಚಳದಲ್ಲೇ ಸಣ್ಣ ಬ್ರಷ್. ಮೊದಲು ಎರಡು ಭಾಗವನ್ನು ಜೋಡಿಸಿ ಹಿಡಿಯಬೇಕು, ಆಮೇಲೆ ಬ್ರಷ್ಷನ್ನು ಸಂದಿಗೆ ತಾಕಿಸಬೇಕು. ಅಂಟು ತಾನಾಗಿ ಸಂದಿನುದ್ದಕ್ಕೂ ಓಡುತ್ತದೆ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಚೂರು ಕರಗಿಸಿ ಒಂದಾಗಿಸುತ್ತದೆ. ವಾಚಿಗೆ ಎಣ್ಣೆ ಹಾಕುವುದೂ ಹೀಗೇ. ಆಯಿಲರ್ ಅನ್ನುವ ಸೂಜಿಯ ತುದಿಯಲ್ಲಿ ಒಂದು ಕಣ ಎಣ್ಣೆ ತೆಗೆದು ಜ್ಯುವೆಲ್ಲಿಗೆ (ಚಕ್ರದ ಅಚ್ಚು ಕೂರುವ ತೂತಿನ ಹರಳು) ತಾಕಿಸಿದರೆ ಸಾಕು, ಪಿವಟ್ಟಿಗೂ (ಆ ಅಚ್ಚಿನ ತುದಿ) ಜ್ಯುವೆಲ್ಲಿಗೂ ನಡುವಿನ ಸಂದಿಗೆ ಅದೇ ಹೀರಿಕೊಂಡು ಹೋಗುತ್ತದೆ. ಮೊದಲ ಸಲ ಅಂಟು ಹಾಗೆ ಓಡಿದ್ದನ್ನು ಕಂಡಾಗ ಬೆಂಚಿನ ಮೇಲಿನ ಹಳೆಯ ಟ್ಯೂಬ್‌ಲೈಟಿನ ಬೆಳಕು, ಪಕ್ಕದ ಗೆಳತಿಯರು, ಊಟದ ಬೆಲ್ಲು ಎಲ್ಲ ನೆನಪಾಯಿತು. ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಸುಮ್ಮನೆ ಕೂತೆ.

ಬಣ್ಣಕ್ಕೆ ನಾನು ಆರಿಸಿದ್ದು ಕೊಬ್ಬರಿ. ನನ್ನ ಗಂಡನ ಮನೆ ತಿಪಟೂರು ಕಡೆ. ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಆರಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಉಂಡೆ ಕೊಬ್ಬರಿ ಸಿದ್ಧ. ಅದರ ಸಿಪ್ಪೆಯ ಕಂದು ದೂರದಿಂದ ಒಂದೇ ಬಣ್ಣ, ಹತ್ತಿರ ಹಿಡಿದರೆ ಒಳಗೊಂದು ಕೆಂಪು ಇರುತ್ತದೆ. ಒಡೆದರೆ ಒಳಗೆ ಬಿಳುಪು, ಅದೂ ಸುಣ್ಣದ ಬಿಳುಪಲ್ಲ, ಕೆನೆಯದು. ಬಾಡಿಗೆ ಸಿಪ್ಪೆಯ ಬಣ್ಣ, ಸೀಟಿಗೆ ಒಳಗಿನ ಬಣ್ಣ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಒಂದು ಗಿಟುಕನ್ನು ಪೇಪರಿನಲ್ಲಿ ಸುತ್ತಿಕೊಂಡು ಬಿ.ಎಚ್. ರಸ್ತೆಯಿಂದ ಒಳಗೆ, ಗ್ಯಾರೇಜುಗಳ ಸಾಲಿನಲ್ಲಿರುವ ಕಾರ್ ಪೇಂಟ್ ಅಂಗಡಿಗೆ ಹೋದೆ. "ಯಾವ ಗಾಡಿಗಮ್ಮ?" ಅಂದರು. ಚೀಲದಿಂದ ಬಿಳಿ ಬಾಡಿ ತೆಗೆದು ಕೌಂಟರಿನ ಮೇಲಿಟ್ಟೆ, ಪಕ್ಕದಲ್ಲಿ ಗಿಟುಕು ಇಟ್ಟೆ. ಅವರು ಕೈ ಒರೆಸಿಕೊಂಡು ಎರಡನ್ನೂ ಬಾಗಿಲ ಬೆಳಕಿಗೆ ಒಯ್ದರು. ಕಂದು, ಅದಕ್ಕೆ ಮರೂನ್, ಕಪ್ಪು ಒಂದೆರಡು ಹನಿ. ಕಾರ್ಡಿನ ಮೇಲೆ ಬಳಿದು, ಒಣಗುವವರೆಗೆ ಕಾದು, ಗಿಟುಕಿನ ಪಕ್ಕ ಹಿಡಿದರು. ಹಸಿ ಇದ್ದಾಗ ಸರಿ ಕಂಡದ್ದು ಒಣಗಿದ ಮೇಲೆ ಬೇರೆಯಾಗುತ್ತದೆ, ಅದಕ್ಕೆ ಮೂರು ಸಲ ಮಾಡಿದರು. ಹೊಳಪಿಗೆ ಮೆಟಾಲಿಕ್ ಹಾಕಲೇ ಅಂದಾಗ ಬೇಡ ಅಂದೆ. ದೊಡ್ಡ ಕಾರಿನ ಬಣ್ಣದ ಪುಡಿ ಈ ಅಳತೆಯಲ್ಲಿ 24 ಪಟ್ಟು ದಪ್ಪವಾಗಿ, ಜಲ್ಲಿ ಚೆಲ್ಲಿದ ಹಾಗೆ ಕಾಣುತ್ತದೆ. 100 ಮಿಲಿ ಬಣ್ಣ, ಪ್ರೈಮರ್, ತಿನ್ನರ್ ಕೊಟ್ಟು, "ಪ್ರೈಮರ್ ಹೊಡೀದೆ ಇದನ್ನ ಹೊಡೀಬೇಡಿ, ತಿನ್ನರ್ ಪ್ಲಾಸ್ಟಿಕ್ ತಿಂದುಬಿಡುತ್ತೆ. ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ನೋಡಿ" ಅಂದರು. ಹತ್ತು ಲಕ್ಷದ ಕಾರಿಗೆ ಬಣ್ಣ ಕೂಡಿಸುವವರು ಅಂಗೈಯಗಲದ ಕಾರಿಗೆ ಅರ್ಧ ದಿನ ಕೊಟ್ಟರು. ಆ ಅಂಗಡಿಯ ಋಣ ನನ್ನ ಮೇಲಿದೆ.

ಅವರು ಹೇಳಿದ ಇನ್ನೊಂದು ಮಾತನ್ನು ನಾನು ಕೇಳಲಿಲ್ಲ, ಮಳೆಯ ದಿನ ಹೊಡೆಯಬಾರದು ಅನ್ನುವುದು. ಆಗಸ್ಟ್, ಗಡುವು ಓಡುತ್ತಿತ್ತು. ಜಿಟಿಜಿಟಿ ಮಳೆಯಲ್ಲೇ ತಾರಸಿಯ ರೂಮಿನಲ್ಲಿ ಅಕ್ಕನ ಮಗನ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಹಿಡಿದು ಹೊಡೆದೆ. ಹತ್ತು ನಿಮಿಷದಲ್ಲಿ ಬಾಡಿಯ ಮೇಲೆಲ್ಲ ಹಾಲಿನಂಥ ಪೊರೆ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಮರುದಿನ ಅಂಗಡಿಗೆ ಹೋದರೆ ಅವರು ರಿಟಾರ್ಡರ್ ಬಾಟಲಿ ಕೊಟ್ಟರು, ಅದು ತಿನ್ನರ್ ಆರುವುದನ್ನು ನಿಧಾನ ಮಾಡುತ್ತದೆ. ನಾಲ್ಕು ದಿನ ಬಿಸಿಲಿಗೆ ಕಾದೆ. 1500 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ತೆಳ್ಳಗೆ ಮೂರು ಕೋಟ್ ಹೊಡೆದೆ. ಗಿಟುಕು ಪಕ್ಕದಲ್ಲೇ ಇತ್ತು. ಮೂರನೇ ಕೋಟ್ ಆರಿದಾಗ ಯಾವುದು ಯಾವುದೆಂದು ಬಣ್ಣದಲ್ಲಿ ಹೇಳಲಾಗುತ್ತಿರಲಿಲ್ಲ. ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್, ಹದಿನೈದು ದಿನ ಬಿಟ್ಟು ಹೊಳಪಿಗೆ ರಬ್ಬಿಂಗ್ ಕಾಂಪೌಂಡ್. ಬಣ್ಣ ಹೊಡೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ತಿನ್ನರಿನ ಹಬೆ ಎದೆಗೆ ಒಳ್ಳೆಯದಲ್ಲ.

ಕಿಟಕಿಗಳ ಅಂಚಿಗೆ ಒಳಗಿನಿಂದ ಕಪ್ಪು ಬಳಿಯಲು ಮಾಸ್ಕಿಂಗ್ ಸ್ಟಿಕರ್ ಕೊಟ್ಟಿದ್ದಾರೆ. ಗೆರೆಯ ಮೇಲೆ ನಾವೇ ಕತ್ತರಿಸಿಕೊಳ್ಳಬೇಕು, ಹೊಸ ಬ್ಲೇಡ್ ಇಲ್ಲದೆ ಕೂರಬೇಡಿ. ದೀಪದ ಗಾಜು ಕೂರಿಸಲು ಇನ್‌ಸ್ಟಂಟ್ ಗ್ಲೂ ಬೇಡ, ಅದರ ಹಬೆಗೆ ಗಾಜು ಮಬ್ಬಾಗುತ್ತದೆ. ನಾನು ಹಚ್ಚಿದ್ದು ಮನೆಯ ಫೆವಿಕಾಲ್, ಒಣಗಿದರೆ ಕಾಣುವುದೇ ಇಲ್ಲ. ನಮ್ಮ ಐದು ಕಿಟ್‌ಗಳಲ್ಲಿ ಒಂದು, ಆನ್‌ಲೈನಿನಲ್ಲಿ ತರಿಸಿದ್ದು, ಗಾಜು ಗೀರಿಕೊಂಡೇ ಬಂತು. ಮಾರಿದವರು ಬದಲಿ ಕೊಡಲಿಲ್ಲ. ಡಾಕ್ಟರು ಹಲ್ಲಿಗೆ ಬಳಸುವ ಪಾಲಿಶಿಂಗ್ ಪೇಸ್ಟಿನಲ್ಲಿ ತಿಕ್ಕಿ ಸರಿಮಾಡಿದರು.

ಕಸುಬಿನ ಭಾಗಕ್ಕೆ ನನ್ನ ಡಬ್ಬಿಯಲ್ಲಿ ಎರಡು ಹಳೆಯ ವಾಚಿನ ಕೀ ಇದ್ದವು, ಹಿತ್ತಾಳೆಯ ಮೇಲೆ ಕ್ರೋಮ್. ಅಡ್ಡಗಲ ನಾಲ್ಕು ಮಿಲಿಮೀಟರ್. ಸೈಲೆನ್ಸರಿನ ಬಾಯಿ ಹತ್ತು ಸೆಂಟಿಮೀಟರ್ ಇದ್ದರೆ ಈ ಅಳತೆಯಲ್ಲಿ ನಾಲ್ಕು ಮಿಲಿಮೀಟರ್ ಚಿಲ್ಲರೆ ಆಗುತ್ತದೆ. ಪಿನ್ ವೈಸಿನಲ್ಲಿ ಒಳಗೆ ಕೊರೆದು, ಅಂಚನ್ನು ತೆಳ್ಳಗೆ ಮಾಡಿ, ಎರಡನ್ನೂ ಸೈಲೆನ್ಸರಿನ ಬಾಯಿಗೆ ಕೂರಿಸಿದೆ. ಬೆರಳಲ್ಲಿ ತಿರುಗಿಸಲೆಂದು ಮಾಡಿದ ಸಣ್ಣ ಹಲ್ಲುಗಳು ಸುತ್ತಲೂ ಹಾಗೇ ಇವೆ, ಉಜ್ಜಿ ತೆಗೆಯಲು ಮನಸ್ಸು ಬರಲಿಲ್ಲ.

ಕಿಟ್‌ಗೆ ನಾಲ್ಕು ಸಾವಿರದ ಹತ್ತಿರ, ಅಂಟು, ಬಣ್ಣ, ಎಮರಿ ಪೇಪರ್ ಸೇರಿ ಇನ್ನೊಂದು ಸಾವಿರದ ಮೇಲಾಯಿತು. ಕಡಿಮೆ ದುಡ್ಡಲ್ಲ. ಮೊದಲ ಸಲ ಕಟ್ಟುವವರೂ ಧೈರ್ಯವಾಗಿ ತೆಗೆದುಕೊಳ್ಳಬಹುದು, ಚಿತ್ರ ನೋಡಿಕೊಂಡೇ ಕಟ್ಟಬಹುದಾದಷ್ಟು ಸ್ಪಷ್ಟವಾಗಿದೆ. ಆದರೆ ದಿನಕ್ಕೆ ಒಂದು ಗಂಟೆಯಾದರೂ ಯಾರೂ ಕರೆಯದ ಜಾಗ ಬೇಕು. ನನಗೆ ಅದು ರಾತ್ರಿ ಒಂಬತ್ತರ ಮೇಲೆ ಅಡುಗೆಮನೆಯ ಕಟ್ಟೆ.

ಕ್ಯಾತ್ಸಂದ್ರದಲ್ಲಿ ಐದೂ ಕಾರನ್ನು ಸಾಲಾಗಿ ಇಟ್ಟೆವು. ಅಕ್ಕನ ಮಗನದು ಪಾವಗಡದ ಸೋಲಾರ್ ಪ್ಯಾನೆಲ್ಲಿನ ಕಡುನೀಲಿ. ಡಾಕ್ಟರದು ಮಧುಗಿರಿ ಬೆಟ್ಟದ ಬೂದು, ಒಳಗೆ ಹಲ್ಲಿಗೆ ಕಟ್ಟುವ ತಂತಿಯಿಂದ ಮಾಡಿದ ರೋಲ್ ಕೇಜ್ (ರೇಸ್ ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಸರಳಿನ ಚೌಕಟ್ಟು). ಫಿಸಿಕ್ಸಿನವರದು ಬೇಯಿಸಿದ ಅಡಿಕೆಯ ಕೆಂಪು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಿಯುಸಿ ಹುಡುಗಿಯದು. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ತೊಳೆಯ ತಾಮ್ರಗೆಂಪು. ಸೀಟಿನ ಮೇಲೆ ಅವಳು ತನ್ನ ನೋಟ್‌ಬುಕ್ಕಿನ ಚೌಕಳಿ ಹಾಳೆ ಕತ್ತರಿಸಿ ಅಂಟಿಸಿದ್ದಳು, ಒಂದೊಂದು ಚೌಕವೂ ನೇರವಾಗಿತ್ತು. "ಆಂಟಿ, ನಿಮ್ಮ ಚಿಮಟ ಒಂದು ದಿನ ಕೊಡ್ತೀರಾ?" ಅಂದಳು. ಕೊಟ್ಟು ಬಂದಿದ್ದೇನೆ, ಇನ್ನೂ ವಾಪಸ್ ಕೇಳಿಲ್ಲ.

ಮನೆಗೆ ಬಂದು ಕಾರನ್ನು ಅತ್ತೆಯ ಕೈಗೆ ಕೊಟ್ಟೆ. ಅವರಿಗೆ 84, ಕಣ್ಣು ಮಂಜು. ಬಣ್ಣವನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದರು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿಂದ ಒಂದು ಚೂರೂ ಸದ್ದಿಲ್ಲ.

"ಇನ್ನೂ ಒಣಗಿಲ್ಲ ಕಣಮ್ಮ, ಅಟ್ಟಕ್ಕೆ ಹಾಕು" ಅಂದರು.