ಕ್ಯಾರವಾನ್ ಕೊಟ್ಟು ಮೋಟರ್‌ಹೋಮ್ ತಗೊಳ್ಳೋರೇ, ಮೊದಲು ತೂಕ ಹಾಕಿಸಿ, ಆಮೇಲೆ ದುಡ್ಡು ಕೊಡಿ

ಇಂಗ್ಲೆಂಡಿನಲ್ಲಿರೋ ನಮ್ಮವರು ಯಾರಾದರೂ ಕ್ಯಾರವಾನ್ (ಕಾರಿನ ಹಿಂದೆ ಎಳೆಯೋ ಮನೆ) ಕೊಟ್ಟು ಮೋಟರ್‌ಹೋಮ್ (ಎಂಜಿನ್ ಇದ್ದು ತಾನೇ ಓಡೋ ಮನೆ) ತಗೊಳ್ಳೋ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಬರೆಯೋಕೇ ನಾಚಿಕೆ ಆಗ್ತಿದೆ. ದಿನಾ ಬೇರೆಯವರ ಲೆಕ್ಕಪತ್ರ ತಿದ್ದೋ ಕೆಲಸ ನನ್ನದು. ಅಂಥವನು ಒಂದನೇ ಕ್ಲಾಸಿನ ಕಳೆಯೋ ಲೆಕ್ಕ ಮಾಡದೆ 41,500 ಪೌಂಡಿನ ಗಾಡಿಗೆ ಸಹಿ ಹಾಕಿ ಬಂದೆ.

ನಮ್ಮ ಹತ್ತಿರ ಇದ್ದದ್ದು ನಾಲ್ಕು ಜನ ಮಲಗೋ ಬೈಲಿ ಕಂಪನಿ ಕ್ಯಾರವಾನ್. ನಾನು ಲೈಸೆನ್ಸ್ ತಗೊಂಡಿದ್ದು 1997 ಆದ ಎಷ್ಟೋ ವರ್ಷಕ್ಕೆ, ಹಾಗಾಗಿ ಬರೀ ಬಿ ಕೆಟಗರಿ, ಅಂದರೆ 3,500 ಕೆಜಿವರೆಗಿನ ಗಾಡಿ ಮಾತ್ರ. 2021ರ ಡಿಸೆಂಬರ್‌ನಲ್ಲಿ ನಮ್ಮಂಥವರೂ 3,500 ಕೆಜಿವರೆಗಿನ ಟ್ರೈಲರ್ ಎಳೀಬಹುದು ಅಂತ ಕಾನೂನು ಬದಲಾದ ಮೇಲೇ ಅದನ್ನ ಕೊಂಡಿದ್ದು. ಚೆನ್ನಾಗೇ ಇತ್ತು, ಆದರೆ ಎಳೆದು ಎಳೆದು ಸಾಕಾಗಿತ್ತು. ಮೋಟರ್‌ವೇಯಲ್ಲಿ 60 ಮೈಲಿ ದಾಟೋ ಹಾಗಿಲ್ಲ, ಮೂರನೇ ಲೇನಿಗೆ ಹೋಗೋ ಹಾಗಿಲ್ಲ. ಕಾರ್ನ್‌ವಾಲಿನ ಓಣಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು ಅಂದರೆ ರಿವರ್ಸ್ ತಗೊಳ್ಳೋ ಹೊತ್ತಿಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗ್ತಿತ್ತು. ಮೋಟರ್‌ಹೋಮ್ ಆದರೆ ಕೀ ತಿರುಗಿಸಿದರೆ ಆಯ್ತು, ಹೋಗ್ತಾ ಇರಬಹುದು ಅಂದುಕೊಂಡ್ವಿ.

ಡೀಲರ್ ಹೆಸರು ಬರೆಯಲ್ಲ, ವಿಷಯ ಇನ್ನೂ ಮುಗಿದಿಲ್ಲ. ದೊಡ್ಡ ಅಂಗಳ, ಕಾಫಿ ಮೆಷಿನ್, ನಗುಮುಖದ ಸೇಲ್ಸ್‌ಮನ್. ಫಿಯೆಟ್ ಡುಕಾಟೊ ವ್ಯಾನ್ ಮೇಲೆ ಕಟ್ಟಿದ ಸೆಕೆಂಡ್ ಹ್ಯಾಂಡ್ ಗಾಡಿ, ನಾಲ್ಕು ಹಾಸಿಗೆ, ನಾಲ್ಕು ಸೀಟ್ ಬೆಲ್ಟ್. (ಇದೊಂದನ್ನ ನೋಡಿದ್ದೆ. ನಾಲ್ಕು ಹಾಸಿಗೆ ಇದ್ದು ಎರಡೇ ಬೆಲ್ಟ್ ಇರೋ ಗಾಡಿಗಳೂ ಇರ್ತವೆ, ಹುಷಾರು.) ನಮ್ಮ ಕ್ಯಾರವಾನಿಗೆ 11,000 ಹಿಡಿದರು. ಆಮೇಲೆ ಸೇಲ್ಸ್‌ಮನ್ ಗಾಡಿ ಸುತ್ತ ಕರ್ಕೊಂಡು ಹೋಗಿ ಒಂದೊಂದೇ ಮುಟ್ಟಿ ತೋರಿಸಿದ: ಮಡಚೋ ಆನಿಂಗ್ (ಬಿಸಿಲು ಮರೆ), ಸೋಲಾರ್ ಪ್ಯಾನೆಲ್, ಎರಡನೇ ಬ್ಯಾಟರಿ, ಟೋ ಬಾರ್ (ಟ್ರೈಲರ್ ಎಳೆಯೋ ಕೊಕ್ಕೆ), ಮೇಲೆ ಟಿವಿ ಡಿಶ್. "ಹಳೇ ಓನರ್ ನಾಲ್ಕು ಸಾವಿರ ಪೌಂಡ್ ಸುರಿದಿದ್ದಾರೆ, ನಿಮಗೆ ಎಲ್ಲಾ ಫ್ರೀ." ನಾನು ತಲೆ ಆಡಿಸ್ತಾ ಆಡಿಸ್ತಾ ಹಿಂದೆ ಹೋದೆ. ಫ್ರೀ! ಅದೊಂದೊಂದೂ ನಾವು ಹೇರಬಹುದಾದ ತೂಕದಿಂದ ಕಿತ್ತುಕೊಂಡದ್ದು ಅಂತ ಆಗ ಹೊಳೀಲಿಲ್ಲ.

ತೂಕದ ಬಗ್ಗೆ ಕೇಳಲಿಲ್ಲ ಅಂತಲ್ಲ. ಕೇಳಿದೆ, ಇದೇ ನನ್ನ ಹೊಟ್ಟೆ ಉರಿಸೋದು. "ನಾವು ನಾಲ್ಕು ಜನ, ಸೈಕಲ್, ಸಾಮಾನು, ತೂಕ ತಡೆಯುತ್ತಾ?" ಅಂತ ಕೇಳಿದೆ. ಅವನು ಬಾಗಿಲು ತೆಗೆದು, ಕೆಳಗೆ ಅಂಟಿಸಿರೋ ತಗಡಿನ ಮೇಲೆ ಬೆರಳಿಟ್ಟು, "ನೋಡಿ, 5,500. ಐದೂವರೆ ಟನ್" ಅಂದ. ನಾನು ನೋಡಿದೆ. 5,500 ಅಂತ ಇತ್ತು ನಿಜ. ಆದರೆ ಆ ತಗಡಿನ ಮೇಲೆ ನಾಲ್ಕು ಸಂಖ್ಯೆ ಇರ್ತವೆ. ಮೊದಲನೇದು ಗಾಡಿಯ ಒಟ್ಟು ಮಿತಿ, ನಮ್ಮದು 3,500. ಎರಡನೇದು ಹಿಂದೆ ಟ್ರೈಲರ್ ಕಟ್ಟಿದರೆ ಎರಡೂ ಸೇರಿದ ಮಿತಿ. ಆಮೇಲಿನ ಎರಡು ಮುಂದಿನ ಮತ್ತು ಹಿಂದಿನ ಆಕ್ಸಲ್‌ನದು. ಅವನ ಬೆರಳು ಇದ್ದದ್ದು ಎರಡನೇದರ ಮೇಲೆ. ನಾಲ್ಕು ವರ್ಷ ಕ್ಯಾರವಾನ್ ಎಳೆದ ನಾನು ಪೆಕರನ ಹಾಗೆ "ಓಹ್, ಧಾರಾಳ ಆಯ್ತು" ಅಂದೆ. ರಾತ್ರಿ ನಿದ್ದೆ ಬರದಿದ್ದಾಗೆಲ್ಲ ಆ ಬೆರಳು ಕಣ್ಣ ಮುಂದೆ ಬರುತ್ತೆ.

ಕ್ಯಾರವಾನ್ ಇದ್ದವರು ಎಡವೋದು ಇಲ್ಲೇ. ಕ್ಯಾರವಾನಿನಲ್ಲಿ ನಾವು ಕೂರೋದು ಕಾರಲ್ಲಿ, ಅಕ್ಕಿ ಬೇಳೆ ಕುಕ್ಕರ್ ಎಲ್ಲ ಕಾರಿನ ಡಿಕ್ಕಿಯಲ್ಲಿ. ತೂಕ ಎರಡು ಗಾಡಿಗೆ ಹಂಚಿ ಹೋಗುತ್ತೆ. ಮೋಟರ್‌ಹೋಮಿನಲ್ಲಿ ಹೆಂಡತಿ, ಮಕ್ಕಳು, ನೀರು, ಇಡ್ಲಿ ಪಾತ್ರೆ ಎಲ್ಲಾ ಅದೇ 3,500ರ ಒಳಗೆ.

ಮೊದಲ ಟ್ರಿಪ್ಪಿಗೆ ವೇಲ್ಸಿಗೆ ಹೋದ್ವಿ. ಕ್ಯಾಂಪಿನಲ್ಲಿ ಪಕ್ಕದ ಪಿಚ್ಚಿನಲ್ಲಿ (ಗಾಡಿ ನಿಲ್ಲಿಸೋ ಜಾಗ) ಒಬ್ಬ ನಿವೃತ್ತ ಲಾರಿ ಡ್ರೈವರ್, ನಮ್ಮ ಗಾಡಿಯ ಹಿಂಭಾಗ ನೋಡಿ "ಬಾಲ ನೆಲ ಮುಟ್ಟೋ ಹಾಗಿದೆಯಲ್ಲ, ತೂಕ ಹಾಕಿಸಿದ್ದೀಯಾ?" ಅಂದರು. ವಾಪಸ್ ಬರುವಾಗ ಒಂದು ಧಾನ್ಯದ ಗೋದಾಮಿನ ವೇಬ್ರಿಡ್ಜಿಗೆ ಹತ್ತಿಸಿದೆ. 15 ಪೌಂಡ್. ಚೀಟಿ ಬಂತು: 3,640 ಕೆಜಿ. ಹಿಂದಿನ ಆಕ್ಸಲ್ಲಿನ ಮಿತಿ 2,000, ಇದ್ದದ್ದು 2,110. ಹೆಂಡತಿ ಚೀಟಿ ಹಿಡ್ಕೊಂಡು, "ರೀ, ಅವನು ಐದೂವರೆ ಟನ್ ಅಂದನಲ್ಲ?" ಅಂದಳು. ನಾನು ಮಾತಾಡಲಿಲ್ಲ.

ಮನೆಗೆ ಬಂದು ಎಲ್ಲಾ ಇಳಿಸಿ, ನೀರು ಖಾಲಿ ಮಾಡಿ, ನಾನೊಬ್ಬನೇ ಕೂತು ಮತ್ತೆ ತೂಗಿಸಿದೆ. 3,280. ಉಳಿದದ್ದು 220 ಕೆಜಿ. ಹೆಂಡತಿ ಮಕ್ಕಳು ಸೇರಿ 150, ನೀರಿನ ಟ್ಯಾಂಕ್ 90. ಮುಗೀತು, ಒಂದು ಚಡ್ಡಿ ಇಡೋಕೂ ಜಾಗ ಇಲ್ಲ. ಜಾಹೀರಾತಿನಲ್ಲಿ ಬರೆದಿದ್ದದ್ದು "ಪೇಲೋಡ್ 380 ಕೆಜಿ", ಅಂದರೆ ನಾವು ಹೇರಬಹುದಾದ ತೂಕ. ಅದು ಕಂಪನಿ ಬ್ರೋಷರಿನ ಅಂಕಿ. ಆನಿಂಗ್, ಟೋ ಬಾರ್, ಡಿಶ್ ಯಾವುದೂ ಇಲ್ಲದ ಬೋಳು ಗಾಡಿಯದು.

ಈಗ ಡೀಲರ್ ಕಡೆಯವರ ಉತ್ತರಗಳನ್ನ ಕೇಳಿ. ಫೋನ್ ಮಾಡಿದ್ದು ಗಾಡಿ ಬಂದ 22ನೇ ದಿನ.

"ಎಲ್ಲರೂ ಹಾಗೇ ಓಡಿಸ್ತಾರೆ ಮೇಟ್, ಯಾರು ನಿಲ್ಲಿಸಿ ತೂಗ್ತಾರೆ?" ತೂಗ್ತಾರೆ. ಡಿವಿಎಸ್‌ಎಯವರು (ಗಾಡಿ ತಪಾಸಣೆ ಮಾಡೋ ಸರ್ಕಾರಿ ಸಂಸ್ಥೆ) ನಿಲ್ಲಿಸಿ ತೂಗ್ತಾರೆ, ದಂಡ 100 ಪೌಂಡಿನಿಂದ ಶುರು. ಅಪಘಾತ ಆದರೆ ವಿಮೆಯವರು ತಕರಾರು ತೆಗೆಯೋ ಭಯ ಬೇರೆ.

"ಕಂಪನಿಯೇ ಶೇ 5 ಹೆಚ್ಚು ಕಮ್ಮಿ ಇರಬಹುದು ಅಂತ ಬರೆದಿದೆ." ಬೋಳು ಗಾಡಿಯ ತೂಕ 3,120ಕ್ಕೆ (3,500ರಲ್ಲಿ 380 ಕಳೆದರೆ) ಶೇ 5 ಅಂದರೆ 156 ಕೆಜಿ. ನನ್ನಂಥವರು ಇಬ್ಬರು! ಅದನ್ನ 380 ಅಂತ ಬರೆಯುವಾಗ ಹೇಳಬೇಕಿತ್ತು.

"ಗಾಡಿಯ ಮಿತಿನ ಪೇಪರ್ ಮೇಲೆ 3,850ಕ್ಕೆ ಏರಿಸಿ ಕೊಡ್ತೀವಿ, 400 ಪೌಂಡ್ ಆಗುತ್ತೆ." ಏರಿಸಿದರೆ ಓಡಿಸೋರು ಯಾರು? 3,500 ದಾಟಿದರೆ ಸಿ1 ಅನ್ನೋ ದೊಡ್ಡ ಗಾಡಿ ಲೈಸೆನ್ಸ್ ಬೇಕು. 1997ರ ಜನವರಿ 1ಕ್ಕೆ ಮುಂಚೆ ಇಲ್ಲಿ ಕಾರ್ ಟೆಸ್ಟ್ ಪಾಸಾದವರಿಗೆ ಅದು ತಾನಾಗೇ ಇದೆ, ನಮಗೆ ಮೆಡಿಕಲ್, ಬೇರೆ ಟೆಸ್ಟ್. ನನ್ನ ಲೈಸೆನ್ಸ್ ಫೋಟೋಕಾಪಿ ಇವರ ಫೈಲಲ್ಲೇ ಇದೆ!

ಆಮೇಲೆ ಶುರುವಾಯ್ತು: "ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಮಾಡಿ." ಸೋಮವಾರ ಮಾಡಿದೆ. "ಮೀಟಿಂಗಲ್ಲಿದ್ದಾರೆ." ಬುಧವಾರ ಮಾಡಿದೆ. 32ನೇ ದಿನ ಮ್ಯಾನೇಜರೇ ಸಿಕ್ಕಿದರು, ದನಿ ಬೆಣ್ಣೆ ಥರ: "ಗಾಡಿ ವಾಪಸ್ ಕೊಡೋಕೆ 30 ದಿನ ಇತ್ತು, ಮುಗಿದಿದೆಯಲ್ಲ. ನಿಮ್ಮ ಕ್ಯಾರವಾನೂ ಮಾರಾಟ ಆಯ್ತು." ಪಿಗ್ಗಿ ಬಿದ್ದೆ ಅಂತ ಆಗ ಗೊತ್ತಾಯ್ತು. 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ತಾಳೆ ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ನಾನು ಫೋನಲ್ಲಿ ಗೋಳಾಡಿದೆನೇ ಹೊರತು "ಈ ಗಾಡಿ ನನಗೆ ಬೇಡ, ತಿರಸ್ಕರಿಸ್ತಿದ್ದೀನಿ" ಅಂತ ಒಂದು ಸಾಲು ಮೇಲ್ ಹಾಕಲಿಲ್ಲ. ಒಂದೇ ಒಂದು ಸಾಲು.

ಅಡ್ವಾನ್ಸ್ 500 ಪೌಂಡ್ ಕ್ರೆಡಿಟ್ ಕಾರ್ಡಲ್ಲಿ ಕೊಟ್ಟಿದ್ದೆ, ಮಾರಿದವರ ತಪ್ಪಿಗೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ ಅನ್ನೋ ಸೆಕ್ಷನ್ 75 ಇದೆ ಅಂತ ಧೈರ್ಯ. ಬ್ಯಾಂಕಿನವರು ಎರಡು ನಿಮಿಷದಲ್ಲಿ ಮುಗಿಸಿದರು: ವಸ್ತುವಿನ ಬೆಲೆ 30,000 ದಾಟಿದರೆ ಅದು ಅನ್ವಯಿಸಲ್ಲ. ಗೊತ್ತಿತ್ತಾ ನಿಮಗೆ? ನನಗೆ ಗೊತ್ತಿರಲಿಲ್ಲ.

ಜಾಹೀರಾತು ಅಷ್ಟರಲ್ಲಿ ಮಾಯ. ಪುಣ್ಯಕ್ಕೆ ನಾನು ಜಂಬ ಕೊಚ್ಚಿಕೊಳ್ಳೋಕೆ ಅದರ ಸ್ಕ್ರೀನ್‌ಶಾಟ್ ಮನೆಯವರ ವಾಟ್ಸಾಪಿಗೆ ಹಾಕಿದ್ದೆ. ಮೈಸೂರಿನಿಂದ ಬಾಮೈದ "ಭಾವ, ಬಸ್ಸೇ ತಗೊಂಡುಬಿಟ್ರಾ?" ಅಂತ ಕೇಳಿದ ಮೆಸೇಜಿನ ಮೇಲೇ ಇದೆ, "ಪೇಲೋಡ್ 380". ಅದನ್ನ ಕಳಿಸಿದ ಮೇಲೆ "ವಿಶ್ವಾಸಕ್ಕೆ 750 ಪೌಂಡ್ ಕೊಡ್ತೀವಿ, ಇನ್ನು ಮಾತಾಡಲ್ಲ ಅಂತ ಸಹಿ ಹಾಕಿ" ಅಂದರು. ಹಾಕಲಿಲ್ಲ.

ಇಷ್ಟು ಮಾಡಿ. ನೀವು ಕೊಳ್ಳೋ ಆ ಗಾಡಿಯನ್ನೇ, ಅದರ ಮೇಲಿರೋ ಎಲ್ಲಾ ಸಾಮಾನಿನ ಜೊತೆ, ಫುಲ್ ಡೀಸೆಲಲ್ಲಿ ತೂಗಿಸಿದ ಚೀಟಿ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. ತಗಡಿನ ಫೋಟೋ ನೀವೇ ತಗೊಳ್ಳಿ, ಯಾರ ಬೆರಳನ್ನೂ ನಂಬಬೇಡಿ. ಜಾಹೀರಾತು ಉಳಿಸಿಕೊಳ್ಳಿ. ಜಗಳ ಏನಿದ್ದರೂ ಮೇಲಿನಲ್ಲಿ.

ಹೋದ ವಾರ ನ್ಯೂ ಫಾರೆಸ್ಟಿಗೆ ಹೋಗಿದ್ವಿ. ಟೋ ಬಾರ್ ಬಿಚ್ಚಿಸಿದ್ದೆ, ಟ್ಯಾಂಕ್ ಖಾಲಿ, ಮಕ್ಕಳ ಸೈಕಲ್ ಮನೆಯಲ್ಲೇ. ಹೆಂಡತಿ ಹತ್ತು ಕೆಜಿ ಅಕ್ಕಿ ಚೀಲ ಬಾಗಿಲವರೆಗೂ ತಂದಳು, ನನ್ನ ಮುಖ ನೋಡಿ ನಾಲ್ಕು ಲೋಟ ಅಳೆದುಕೊಂಡು ವಾಪಸ್ ಒಳಗಿಟ್ಟಳು. ಬೆಲೆ ಇಳಿಸಿ ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗ್ತೀನಿ ಅಂತ 14 ದಿನದ ನೋಟಿಸ್ ಕಳಿಸಿದ್ದೀನಿ. ಇವತ್ತಿಗೆ ಒಂಬತ್ತು ದಿನ. ಮ್ಯಾನೇಜರ್ ಮತ್ತೆ ರಜೆಯಲ್ಲಿದ್ದಾರಂತೆ.