ಮೈಕ್ ಕೆಲಸ ಮಾಡದಿದ್ದರೆ ಹುಡುಕಿದಾಗ ಸಿಕ್ಕ ನಂಬರಿಗೆ ಕರೆ ಮಾಡಬೇಡಿ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅರ್ಧ ಗಂಟೆಯೊಳಗೆ, ನನ್ನ ಖಾತೆಯಿಂದ 67,998 ರೂಪಾಯಿ ಹೋಯಿತು. ಎಲ್ಲಕ್ಕೂ ಮೂಲ, ಲ್ಯಾಪ್‌ಟಾಪ್‌ನ ಮೈಕ್ ಕೆಲಸ ಮಾಡದೇ ಹೋದದ್ದು. ಆನ್‌ಲೈನ್ ಸಭೆ, ತರಗತಿ, ಸಂದರ್ಶನ ಎಂದು ಕಂಪ್ಯೂಟರಿನ ಮುಂದೆ ಕೂರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಧಾರವಾಡದ ಮನೆಯಿಂದಲೇ ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳಿಗೆ ಓದು-ಬರಹ ಕಲಿಸುತ್ತೇನೆ. ನಮಗೆ ಭಾನುವಾರ ಬೆಳಿಗ್ಗೆ ಏಳಾದಾಗ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ. ಅಂದು ಒಂಬತ್ತು ಮಕ್ಕಳೂ ಸಮಯಕ್ಕೆ ಸರಿಯಾಗಿ ಬಂದಿದ್ದರು. ನಾನು ಮಾತನಾಡಿದರೆ ಯಾರಿಗೂ ಕೇಳಿಸದು. ‘ಟೀಚರ್, ನಿಮ್ಮ ಧ್ವನಿ ಇಲ್ಲ’ ಎಂದು ಒಬ್ಬಳು ಕನ್ನಡದಲ್ಲೇ ಟೈಪ್ ಮಾಡಿ ಕಳಿಸಿದಳು. ತರಗತಿಯಿಂದ ಹೊರಬಂದು ಮತ್ತೆ ಸೇರಿದೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ, ಧ್ವನಿ ಬರಲಿಲ್ಲ. ಮಕ್ಕಳು ಕಾಯುತ್ತಿದ್ದಾರೆಂಬ ಗಡಿಬಿಡಿಯಲ್ಲಿ ಮೊಬೈಲ್ ತೆಗೆದು, ಸಭೆಯ ಆ್ಯಪ್‌ನ ಹೆಸರಿನ ಜೊತೆಗೆ ‘ಕಸ್ಟಮರ್ ಕೇರ್’ ಎಂದು ಸೇರಿಸಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಒಂದು ನಂಬರ್ ಕಾಣಿಸಿತು. ಅದು ಯಾರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ನಾನು ಅದನ್ನು ಗಮನಿಸಿದ್ದು ಮರುದಿನ, ದೂರು ಬರೆಯುವಾಗ.

ಕರೆ ಎತ್ತಿದವನ ಮಾತು ಬಹಳ ನಯವಾಗಿತ್ತು. ‘ಐದು ನಿಮಿಷದಲ್ಲಿ ಸರಿಮಾಡುತ್ತೇನೆ ಮೇಡಂ’ ಎಂದ. ಒಂದು ಸಣ್ಣ ತಂತ್ರಾಂಶ ಹಾಕಿಸಿಕೊಂಡು, ತೆರೆಯ ಮೇಲೆ ಬಂದ ಅಂಕಿಗಳನ್ನು ಓದಿ ಹೇಳಲು ಹೇಳಿದ. ಹೇಳಿದ ಕೂಡಲೇ ಮೌಸ್ ಮುಟ್ಟದೆಯೇ ಬಾಣದ ಗುರುತು ತಾನಾಗಿ ಓಡಾಡತೊಡಗಿತು. ಅವನು ದೂರದಿಂದಲೇ ನನ್ನ ಕಂಪ್ಯೂಟರನ್ನು ನಡೆಸುತ್ತಿದ್ದ. ‘ಈವೆಂಟ್ ವ್ಯೂವರ್’ ಎಂಬ ಕಿಟಕಿಯನ್ನು ತೆರೆದು ಕೆಂಪು ಗುರುತುಗಳ ಉದ್ದನೆಯ ಪಟ್ಟಿ ತೋರಿಸಿದ. ‘ಇವೆಲ್ಲ ವೈರಸ್, ನಿಮ್ಮ ಮೈಕನ್ನು ಬೇರೆಯವರು ಹಿಡಿದುಕೊಂಡಿದ್ದಾರೆ’ ಎಂದ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಈಗ ಗೊತ್ತಾಗಿದೆ, ಆ ಕೆಂಪು ಗುರುತುಗಳು ಪ್ರತಿಯೊಂದು ವಿಂಡೋಸ್ ಕಂಪ್ಯೂಟರಿನಲ್ಲೂ ಇರುತ್ತವೆ. ಯಾವುದೋ ಸೇವೆ ಶುರುವಾಗಲು ತಡವಾದರೂ ಅಲ್ಲಿ ಒಂದು ಸಾಲು ದಾಖಲಾಗುತ್ತದೆ. ನೋಡಿದವರು ಹೆದರಲಿ ಎಂದೇ ವಂಚಕರು ಆ ಪಟ್ಟಿಯನ್ನು ತೆರೆಯುತ್ತಾರೆ.

ಆಮೇಲೆ ಮೊಬೈಲಿಗೂ ಅಂಥದ್ದೇ ಆ್ಯಪ್ ಹಾಕಿಸಿದ. ಶುಲ್ಕ 499 ರೂಪಾಯಿ, ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಿ ಎಂದ. ನಾನು ಲಾಗಿನ್ ಆದ ಮರುಕ್ಷಣ ಲ್ಯಾಪ್‌ಟಾಪ್ ತೆರೆ ಕಪ್ಪಾಯಿತು. ‘ಸ್ಕ್ಯಾನ್ ನಡೆಯುತ್ತಿದೆ, ಏನನ್ನೂ ಮುಟ್ಟಬೇಡಿ’ ಎಂದ. ನಾನು ಮುಟ್ಟಲಿಲ್ಲ. ಮೊಬೈಲಿಗೆ ಬಂದ ಒಟಿಪಿಗಳನ್ನು ಅವನು ಅಲ್ಲಿಂದಲೇ ಓದಿಕೊಳ್ಳುತ್ತಿದ್ದ. 24,999, ಮತ್ತೆ 24,999, ಆಮೇಲೆ 18,000 ಕಡಿತವಾದ ಸಂದೇಶಗಳು ಒಂದರ ಹಿಂದೊಂದು ಬಂದವು.

ನಾನು ಕೂಗಿಕೊಂಡದ್ದಕ್ಕೆ ಪಕ್ಕದ ಮನೆಯ ಹುಡುಗಿ ಓಡಿ ಬಂದಳು. ಬಂದವಳೇ ವೈಫೈ ಸ್ವಿಚ್ ಆರಿಸಿ, ಮೊಬೈಲ್ ಡೇಟಾ ತೆಗೆದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹಚ್ಚಿ ಕೊಟ್ಟಳು. ಬ್ಯಾಂಕಿಗೂ ತಿಳಿಸಿ ಖಾತೆ ತಡೆಹಿಡಿಸಿದೆವು. ಎಲ್ಲ ಮುಗಿದು ಕುಳಿತಾಗ ಅವಳು ಲ್ಯಾಪ್‌ಟಾಪ್ ಕಡೆ ಬಗ್ಗಿ, ‘ಕಾಕೂ, ಈ ದೀಪ ಯಾಕೆ ಉರಿಯುತ್ತಿದೆ?’ ಎಂದು ಕೇಳಿದಳು. ಕೀಲಿಮಣೆಯ ಮೇಲಿನ ಸಾಲಿನಲ್ಲಿ, ಅಡ್ಡಗೀಟು ಹಾಕಿದ ಮೈಕಿನ ಚಿತ್ರವಿರುವ ಎಫ್‌4 ಕೀಲಿ. ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಬೆಳಕು. ಅವಳು ಅದನ್ನು ಒಮ್ಮೆ ಒತ್ತಿದಳು. ಬೆಳಕು ಆರಿತು, ಮೈಕ್ ಸರಿಯಾಯಿತು. ಹಿಂದಿನ ದಿನ ಧೂಳು ಒರೆಸುವಾಗ ಬಟ್ಟೆ ತಾಗಿ ಒತ್ತಿಹೋಗಿರಬೇಕು.

ಹಾಗಾಗಿ ಮೊದಲು ಕೀಲಿಮಣೆ ನೋಡಿ. ಮೈಕ್ ಕೀಲಿ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಕಡೆ ಇರುವುದಿಲ್ಲ, ಚಿತ್ರ ಹುಡುಕಿ. ಇಯರ್‌ಫೋನ್ ತಂತಿಯಲ್ಲೂ ಮ್ಯೂಟ್ ಗುಂಡಿ ಇರಬಹುದು. ಅಲ್ಲೂ ಸರಿಯಾಗದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್‌ಗೆ ಹೋಗಿ, ಇನ್‌ಪುಟ್ ಎಂಬಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ಎಂದು ನೋಡಿ. ನೀವು ಮಾತನಾಡಿದಾಗ ಅಲ್ಲಿನ ಪಟ್ಟಿ ಅಲುಗಾಡಿದರೆ ಮೈಕ್ ಸರಿಯಿದೆ, ತೊಂದರೆ ಸಭೆಯ ಆ್ಯಪ್‌ನಲ್ಲಿದೆ. ಬ್ಲೂಟೂತ್ ಇಯರ್‌ಫೋನ್ ಒಳಕೋಣೆಯಲ್ಲಿ ಬಿದ್ದಿದ್ದರೂ ಕಂಪ್ಯೂಟರ್ ಅದರ ಮೈಕನ್ನೇ ಹಿಡಿದುಕೊಂಡಿರುವುದುಂಟು. ಪ್ರೈವಸಿ ವಿಭಾಗದಲ್ಲಿ ಮೈಕ್ರೋಫೋನ್ ಅನುಮತಿ ಆಫ್ ಆಗಿದ್ದರೂ ಧ್ವನಿ ಹೋಗದು. ಬ್ರೌಸರಿನಲ್ಲಿ ಸಭೆ ಸೇರುವವರಾದರೆ ವಿಳಾಸದ ಎಡಪಕ್ಕದ ಚಿಹ್ನೆ ಒತ್ತಿ ಆ ತಾಣಕ್ಕೆ ಅನುಮತಿ ಇದೆಯೇ ನೋಡಿ. ಯಾವುದಕ್ಕೂ ಸಮಯವಿಲ್ಲದಿದ್ದರೆ ಅದೇ ಲಿಂಕ್ ಬಳಸಿ ಮೊಬೈಲಿನಿಂದ ಸೇರಿಕೊಳ್ಳಿ. ಅಂದು ನಾನು ಇಷ್ಟು ಮಾಡಿದ್ದರೆ ತರಗತಿ ನಡೆದಿರುತ್ತಿತ್ತು.

ನೀವಾಗಿ ಹುಡುಕಿ ಕರೆ ಮಾಡಿದ ಅಪರಿಚಿತನಿಗೆ ತೆರೆಯ ಮೇಲಿನ ಅಂಕಿಗಳನ್ನು ಓದಿ ಹೇಳಬೇಡಿ. ಹೇಳಿದರೆ ಮನೆಯ ಕೀಲಿಕೈ ಕೊಟ್ಟಂತೆಯೇ. ಸಹಾಯ ಬೇಕಿದ್ದರೆ ಆ್ಯಪ್‌ನೊಳಗಿನ ಹೆಲ್ಪ್ ವಿಭಾಗಕ್ಕೆ ಹೋಗಿ, ಇಲ್ಲವೇ ಗುರುತಿನವರನ್ನು ಮನೆಗೆ ಕರೆಯಿರಿ.

ಈಗಾಗಲೇ ಹಣ ಹೋಗಿದ್ದರೆ ಮೊದಲು ಇಂಟರ್ನೆಟ್ ಕಡಿದುಹಾಕಿ. ಆಮೇಲೆ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಅದಕ್ಕೇ ಒಂದು ನಿಮಿಷವನ್ನೂ ಅಳುತ್ತಾ ಕಳೆಯಬೇಡಿ. ಪಾಸ್‌ವರ್ಡ್‌ಗಳನ್ನು ಬೇರೆಯವರ ಸಾಧನದಿಂದ ಬದಲಿಸಿ, ವಂಚಕ ಹಾಕಿಸಿದ್ದನ್ನೆಲ್ಲ ತೆಗೆಸಿದ ಮೇಲೆಯೇ ನಿಮ್ಮ ಕಂಪ್ಯೂಟರ್ ಬಳಸಿ. ನನ್ನ ಕೊನೆಯ 18,000 ರೂಪಾಯಿ ಮುಂದೆ ಸಾಗುವ ಮೊದಲೇ ತಡೆಹಿಡಿಯಲ್ಪಟ್ಟಿದೆ, ಉಳಿದದ್ದರ ಸುಳಿವು ಇನ್ನೂ ಸಿಕ್ಕಿಲ್ಲ.